ಗ್ರೀನ್ ಕಾರ್ಡ್ ಪೆಂಡಿಂಗ್ ಇದ್ದಾಗ ಕಾಲೇಜ್ ಸೇರ್ಬಹುದಾ?

ಪ್ರಶ್ನೆ: ಮೇಡಂ, ನಾನು ಅಮೆರಿಕದಲ್ಲಿ ಎಚ್-4 ವೀಸಾದಲ್ಲಿದೀನಿ (ಯಜಮಾನ್ರ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋದು), ಯಜಮಾನ್ರ ಜೊತೆ ನಂದೂ ಐ-485, ಅಂದ್ರೆ ಗ್ರೀನ್ ಕಾರ್ಡ್ ಅರ್ಜಿ, ಪೆಂಡಿಂಗ್ ಇದೆ. ಮಾಸ್ಟರ್ಸ್ ಮಾಡೋಕೆ ಎಫ್-1 ಸ್ಟೂಡೆಂಟ್ ವೀಸಾ ಬೇಕೇಬೇಕು ಅಂತಾರೆ, ಹೌದಾ?

ಉತ್ತರ: ಖಂಡಿತ ಬೇಡ. ಎಚ್-4ನಲ್ಲೇ ಫುಲ್‌ಟೈಮ್ ಓದ್ಬಹುದು, ಅದೂ ಅಲ್ದೆ ಗ್ರೀನ್ ಕಾರ್ಡ್‌ಗೆ ಹಾಕ್ಕೊಂಡು ಎಫ್-1 ಕೇಳೋದು ಎಡವಟ್ಟು, ಯಾಕಂದ್ರೆ ಓದು ಮುಗಿಸಿ ವಾಪಸ್ ಹೋಗ್ತೀನಿ ಅಂತ ನಂಬಿಸಬೇಕಾದ ವೀಸಾ ಅದು. ಹುಷಾರಾಗಿರಬೇಕಾದ್ದು ಕೆಲಸದ ವಿಷ್ಯದಲ್ಲಿ, ಎಫ್-1ನವರ ಥರ ಕ್ಯಾಂಪಸ್ಸಲ್ಲಿ ವಾರಕ್ಕೆ 20 ಗಂಟೆ ದುಡಿಯೋ ಅವಕಾಶ ನಿಮಗಿಲ್ಲ, ಲೈಬ್ರರಿ ಕೌಂಟರಲ್ಲಿ ಸಂಬಳಕ್ಕೆ ಕೂರೋಕೂ ಇಎಡಿ ಕಾರ್ಡ್ (ಕೆಲಸ ಮಾಡೋಕೆ ಸರ್ಕಾರ ಕೊಡೋ ಪರ್ಮಿಟ್) ಕೈಲಿರಬೇಕು, ಐ-485 ಪೆಂಡಿಂಗ್ ಇರೋದ್ರಿಂದ ಐ-765 ಫಾರಂ ಹಾಕಿ ಅದನ್ನ ತಗೋಬಹುದು. ಆಮೇಲೆ ಫೀಸು. ಐ-485 ರಸೀದಿ ತೋರಿಸಿ ಇನ್‌-ಸ್ಟೇಟ್ ಫೀಸ್ (ಆ ರಾಜ್ಯದವರಿಗಿರೋ ಕಡಿಮೆ ಫೀಸ್) ಕೊಡ್ತೀರಾ ಅಂತ ಕೇಳಿ, ರೂಲ್ಸ್ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಸಂಕೋಚ ಬೇಡ.