ಓದುಗರ ಪ್ರಶ್ನೆ: ಹಲ್ಲು ಬಿದ್ದದ್ದೇ ನೆಪ, ಅಜ್ಜನ ಡ್ರಮ್ ಕೈಗೆ ಬಂತು

ಹೋದ ಸಲ ಈ ಅಂಕಣದಲ್ಲಿ ಜಾಝ್ ಡ್ರಮ್ಮರ್ ಟೆರಿ ಲಿನ್ ಕ್ಯಾರಿಂಗ್ಟನ್ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. ಅಮೆರಿಕದ ಈಕೆ ಏಳನೇ ವಯಸ್ಸಿಗೆ ಅಜ್ಜನ ಡ್ರಮ್ ಮುಂದೆ ಕೂತವರು, ಹನ್ನೊಂದಕ್ಕೆ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನ ಪೂರ್ತಿ ವಿದ್ಯಾರ್ಥಿವೇತನ ಪಡೆದವರು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅವರಿಗೇ. ಬೇರೆ ಪ್ರಶ್ನೆ ಕಳಿಸಿದವರು ದಯವಿಟ್ಟು ಸ್ವಲ್ಪ ಕಾಯಬೇಕು.

ಪ್ರಶ್ನೆ: ಏಳು ವರ್ಷದ ಮಗುವಿಗೆ ಯಾರಾದರೂ ಡ್ರಮ್ ಸೆಟ್ ಕೊಡುತ್ತಾರಾ? ಮನೆಯವರಿಗೆ ನಿದ್ದೆ ಬೇಡವಾಗಿತ್ತಾ? (ಓದುಗಿ, ದಾವಣಗೆರೆ)

ಉತ್ತರ: ಅವರು ಮೊದಲು ಕೊಟ್ಟದ್ದು ಡ್ರಮ್ ಅಲ್ಲ ಮೇಡಂ, ಸ್ಯಾಕ್ಸೋಫೋನ್. ಅಪ್ಪ ನುಡಿಸುತ್ತಿದ್ದದ್ದು ಅದನ್ನೇ, ಮಗಳೂ ಊದಲು ಶುರು ಮಾಡಿದಳು. ಅಷ್ಟರಲ್ಲಿ ಹಾಲುಹಲ್ಲು ಬೀಳುವ ವಯಸ್ಸು ಬಂತು, ಮುಂದಿನ ಹಲ್ಲುಗಳೇ ಹೋದವು. ಸ್ಯಾಕ್ಸೋಫೋನ್ ಊದುವಾಗ ಮೇಲಿನ ಹಲ್ಲನ್ನು ವಾದ್ಯದ ಬಾಯಿಯ ಮೇಲೆ ಊರಿ, ಕೆಳತುಟಿಯನ್ನು ಒಳಗೆ ಮಡಚಿ, ರೀಡನ್ನು (ಊದಿದಾಗ ಅದುರುವ ತೆಳ್ಳನೆಯ ಪಟ್ಟಿ) ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಊರಲು ಹಲ್ಲೇ ಇಲ್ಲದಿದ್ದರೆ ಹೇಗೆ? ಕುಕ್ಕರ್ ಗ್ಯಾಸ್ಕೆಟ್ ಸವೆದ ಹಾಗೆ, ಗಾಳಿಯೆಲ್ಲ ಪಕ್ಕದಿಂದ ಬುಸ್ ಅಂತ ಹೋಗುತ್ತೆ.

ಡ್ರಮ್ ಬಾರಿಸುವುದಕ್ಕೆ ಹಲ್ಲು ಬೇಡವಲ್ಲ. ಅಪ್ಪನ ಅಪ್ಪ ಮ್ಯಾಟ್ ಕ್ಯಾರಿಂಗ್ಟನ್ ಡ್ರಮ್ಮರ್ ಆಗಿದ್ದವರು. ಪಿಯಾನೋದ ಫ್ಯಾಟ್ಸ್ ವಾಲರ್, ಸ್ಯಾಕ್ಸೋಫೋನಿನ ಚೂ ಬೆರಿ ಇಂಥವರ ಜೊತೆ ಬಾರಿಸಿದವರು. ವಾಲರ್ 1943ರಲ್ಲಿ, ಬೆರಿ 1941ರಲ್ಲಿ ತೀರಿಕೊಂಡರು ಅಂದರೆ ಎಷ್ಟು ಹಳೆಯ ಕಾಲ ಅಂತ ಲೆಕ್ಕ ಹಾಕಿ. ಆ ಅಜ್ಜನ ಡ್ರಮ್ ಸೆಟ್ ಮೊಮ್ಮಗಳ ಪಾಲಿಗೆ ಬಂತು. ಟೆರಿ ಹುಟ್ಟಿದ್ದು 1965ರ ಆಗಸ್ಟ್ 4ರಂದು, ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿ. ಅಮ್ಮ ಹವ್ಯಾಸಕ್ಕೆ ಪಿಯಾನೋ ನುಡಿಸುತ್ತಿದ್ದರು. ಅಪ್ಪ ಸ್ಯಾಕ್ಸೋಫೋನ್ ಜೊತೆಗೆ ಬಾಸ್ಟನ್ ಜಾಝ್ ಸೊಸೈಟಿಯ ಅಧ್ಯಕ್ಷರೂ ಆಗಿದ್ದರು. ಇಂಥ ಮನೆಯಲ್ಲಿ ನಿದ್ದೆ ಕೆಡುತ್ತೆ ಅಂತ ಯಾರೂ ಬೈಯುವುದಿಲ್ಲ ಅಲ್ವಾ.

ಪ್ರಶ್ನೆ: ಏನೇ ಹೇಳಿ ಸಾರ್, ಇದೆಲ್ಲ ರಕ್ತದಲ್ಲೇ ಬರಬೇಕು. ಅಜ್ಜ ಡ್ರಮ್ಮರ್, ಮೊಮ್ಮಗಳೂ ಡ್ರಮ್ಮರ್. ಒಪ್ಪುತ್ತೀರಾ? (ಓದುಗರು, ಹುಬ್ಬಳ್ಳಿ)

ಉತ್ತರ: ಒಪ್ಪುವುದಿಲ್ಲ. ರಕ್ತ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತೆ, ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಯಾರೂ ಕೇಳುವುದಿಲ್ಲ. ಅಜ್ಜನಿಂದ ಬಂದದ್ದು ಡ್ರಮ್. ಅದನ್ನು ಅಟ್ಟಕ್ಕೆ ಹಾಕದೆ ಮಗು ಕೈಗೆ ಕೊಟ್ಟದ್ದು ಅಪ್ಪ. ನನಗೆ ಈ ಎರಡನೆಯದೇ ದೊಡ್ಡದಾಗಿ ಕಾಣುತ್ತೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಜ್ಜನ ಹಾರ್ಮೋನಿಯಂ ಅಟ್ಟದ ಮೇಲೆ ಬಟ್ಟೆ ಮೂಟೆ ಹೊತ್ತುಕೊಂಡು ಕೂತಿಲ್ಲ ಹೇಳಿ.

ಇನ್ನೊಬ್ಬ ಡ್ರಮ್ಮರ್ ಕಥೆ ಕೇಳಿ. ಬ್ರಯಾನ್ ಬ್ಲೇಡ್, 1970ರಲ್ಲಿ ಹುಟ್ಟಿದವರು, ಅಮೆರಿಕದ ಲೂಯಿಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಊರಿನವರು. ಅಪ್ಪ ಅಲ್ಲಿನ ಝಯಾನ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಹುಡುಗ ಮೊದಲು ಕಲಿತದ್ದು ಪಿಟೀಲು. ಚರ್ಚಿನಲ್ಲಿ ಡ್ರಮ್ ಬಾರಿಸುತ್ತಿದ್ದದ್ದು ಅಣ್ಣ. ಅಣ್ಣ ಓದಲು ಬೇರೆ ಊರಿಗೆ ಹೋದ, ಭಾನುವಾರದ ಪ್ರಾರ್ಥನೆಗೆ ಡ್ರಮ್ ಬೇಕೇ ಬೇಕು, ತಮ್ಮ ಹೋಗಿ ಕೂತ. ಅಷ್ಟೇ ಕಥೆ. ಚರ್ಚಿನಲ್ಲಿ ಡ್ರಮ್ಮರ್ ಕೆಲಸ ತನ್ನ ಕೈಚಳಕ ತೋರಿಸುವುದಲ್ಲ, ಹಾಡುವವರ ಬೆನ್ನಿಗೆ ನಿಲ್ಲುವುದು. ಬ್ಲೇಡ್ ಬಾರಿಸುವುದನ್ನು ಇವತ್ತು ಕೇಳಿದರೂ ಅದು ಗೊತ್ತಾಗುತ್ತೆ. ಪಿಸುಗುಟ್ಟುವ ಹಾಗೆ ಬಾರಿಸುತ್ತಾ ಬಾರಿಸುತ್ತಾ, ಮುಂದಿನವರು ಏರಿದ ಕ್ಷಣ ಒಮ್ಮೆಲೇ ಸಿಡಿಲು ಬಿದ್ದಂತೆ ಒಂದು ಏಟು, ಮತ್ತೆ ಪಿಸುಗುಟ್ಟುವುದೇ. ಇದು ರಕ್ತ ಅಲ್ಲ ಸ್ವಾಮಿ, ಪ್ರತಿ ಭಾನುವಾರದ ರೂಢಿ.

ಸಂಗೀತದ ಮನೆ ಅಂದಮೇಲೆ ಎಲ್ಲರೂ ಒಂದೇ ವಾದ್ಯಕ್ಕೆ ಅಂಟಿಕೊಳ್ಳಬೇಕು ಅಂತಲೂ ಇಲ್ಲ. ಡ್ರಮ್ಮರ್ ಎಲ್ವಿನ್ ಜೋನ್ಸ್ ಅಣ್ಣಂದಿರಲ್ಲಿ ಹ್ಯಾಂಕ್ ಪಿಯಾನೋ, ಥ್ಯಾಡ್ ತುತ್ತೂರಿ. ನಮ್ಮ ಕದ್ರಿ ಗೋಪಾಲನಾಥರ ತಂದೆ ನುಡಿಸುತ್ತಿದ್ದದ್ದು ನಾಗಸ್ವರ, ಮಗ ಹಿಡಿದದ್ದು ಸ್ಯಾಕ್ಸೋಫೋನ್.

ಪ್ರಶ್ನೆ: ನಾನು ಮೃದಂಗ ಕಲಿಯುತ್ತಿದ್ದೇನೆ. ಟೆರಿ ಲಿನ್ ಅವರ ಗುರು ಯಾರು? ಅಲ್ಲಿಯೂ ನಮ್ಮ ಹಾಗೆ ಬಾಯಲ್ಲಿ ಹೇಳಿಕೊಂಡು ಬಾರಿಸುವ ಪಾಠ ಇದೆಯಾ? (ವಿದ್ಯಾರ್ಥಿ, ಮೈಸೂರು)

ಉತ್ತರ: ಈ ಪ್ರಶ್ನೆಗೆ ಪುಟಗಟ್ಟಲೆ ಬರೆಯಬಹುದು, ಹಿಡಿದುಕೊಂಡು ಬರೆಯುತ್ತೇನೆ. ಗುರುವಿನ ಹೆಸರು ಅಲನ್ ಡಾಸನ್. 1957ರಿಂದ 1975ರವರೆಗೆ ಬರ್ಕ್ಲಿಯಲ್ಲಿ ಕಲಿಸಿದರು, ಆಮೇಲೆ ಮನೆಯಲ್ಲೇ ಪಾಠ. 1996ರಲ್ಲಿ ತೀರಿಕೊಂಡರು. ಹೆಸರಾಂತ ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ ತಂಡದಲ್ಲಿ ಬಾರಿಸಿದವರು ಅಂದರೆ ಸುಮ್ನೆ ಪಾಠ ಹೇಳಿಕೊಂಡು ಕೂತ ಮೇಷ್ಟ್ರಲ್ಲ. ಇನ್ನೊಬ್ಬ ಶಿಷ್ಯ ಟೋನಿ ವಿಲಿಯಮ್ಸ್ 1963ರಲ್ಲಿ, ಬರೀ 17 ವರ್ಷಕ್ಕೆ, ತುತ್ತೂರಿಯ ದಿಗ್ಗಜ ಮೈಲ್ಸ್ ಡೇವಿಸ್ ತಂಡ ಸೇರಿ ಜಾಝ್ ಡ್ರಮ್ಮಿನ ದಿಕ್ಕನ್ನೇ ಬದಲಿಸಿದ. ಟೋನಿಯ ಅಪ್ಪನೂ ಸ್ಯಾಕ್ಸೋಫೋನ್ ನುಡಿಸುತ್ತಿದ್ದವರೇ. ಒಂದೇ ಊರು, ಒಬ್ಬರೇ ಗುರು, ಇಬ್ಬರದೂ ಸ್ಯಾಕ್ಸೋಫೋನಿನ ಅಪ್ಪಂದಿರು!

ಈಗ ಪಾಠಕ್ಕೆ ಬರೋಣ. ನಮ್ಮ ತ ಧಿ ತೊಂ ನಂ ಇದ್ದ ಹಾಗೆ ಅಲ್ಲಿ ರುಡಿಮೆಂಟ್ ಅಂತ ಇವೆ, ಎರಡು ಕೈಗಳ ಮೂಲಪಾಠ. ಒಂದನ್ನು ಈಗಲೇ ಮಾಡಿ ನೋಡಿ. ತೊಡೆಯ ಮೇಲೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಇದರ ಹೆಸರು ಪ್ಯಾರಡಿಡಲ್. ನಿಧಾನಕ್ಕೆ ಸುಲಭ, ವೇಗ ಏರಿಸಿದರೆ ಎಂಟು ಏಟಿನಲ್ಲಿ ಕೈ ಗಂಟು ಬೀಳುತ್ತೆ. (ನಾನು ಊಟದ ಮೇಜಿನ ಮೇಲೆ ಶುರು ಮಾಡಿ, ಸಾರಿನ ಬಟ್ಟಲು ಉರುಳಿಸಿ, ಮನೆಯಲ್ಲಿ ಬೈಸಿಕೊಂಡಿದ್ದೇನೆ. ನೀವು ಊಟ ಮುಗಿದ ಮೇಲೆ ಮಾಡಿ.) ಇಂಥ ಹತ್ತಾರು ಪಾಠಗಳನ್ನು ಡಾಸನ್ ಒಂದಕ್ಕೊಂದು ಪೋಣಿಸಿ ಉದ್ದಕ್ಕೆ ಒಂದೇ ಉಸಿರಿನ ಸಾಧನೆ ಮಾಡಿದ್ದರು. ಕೈ ಅದನ್ನು ಬಾರಿಸುವಾಗ ಕಾಲುಗಳು ಕೆಳಗೆ ಬ್ರೆಜಿಲ್‌ನ ಕುಣಿತದ ಲಯವಾದ ಸಾಂಬಾ ನಡೆಯನ್ನು ಬಿಡದೆ ತುಳಿಯುತ್ತಿರಬೇಕು. ಮೊದಲು ಕೋಲಿನಲ್ಲಿ ಬಾರಿಸುವ ಹಾಗೂ ಇಲ್ಲ, ತಂತಿಯ ಬ್ರಷ್ ಹಿಡಿಯಬೇಕು. ಕೋಲು ಚರ್ಮಕ್ಕೆ ಬಿದ್ದರೆ ತಾನೇ ಪುಟಿಯುತ್ತೆ, ಅರ್ಧ ಕೆಲಸ ಅದೇ ಮಾಡಿಕೊಡುತ್ತೆ. ಬ್ರಷ್ ಪುಟಿಯುವುದಿಲ್ಲ, ಪ್ರತಿ ಏಟನ್ನೂ ಮಣಿಕಟ್ಟೇ ಎತ್ತಬೇಕು. ಸೋಮಾರಿ ಕೈ ಅಲ್ಲೇ ಸಿಕ್ಕಿಬೀಳುತ್ತೆ.

ನೀವು ಕೇಳಿದ ಬಾಯಿಪಾಠ ಇನ್ನೂ ಮಜವಾಗಿದೆ. ಟೆಡ್ ರೀಡ್ ಅನ್ನುವವರು 1958ರಲ್ಲಿ ಒಂದು ತೆಳ್ಳನೆಯ ಲಯದ ಪಾಠಪುಸ್ತಕ ತಂದಿದ್ದರು. ಡಾಸನ್ ಅದರ ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಬಾರಿಸುವುದನ್ನು ಕಲಿಸುತ್ತಿದ್ದರು. ಬಲಗೈ ಸಿಂಬಲ್ (ಲೋಹದ ತಟ್ಟೆ) ಮೇಲೆ ನಡೆ ಬಿಡದೆ ಎಡಗೈ ಆ ಸಾಲನ್ನು ಹೇಳುವುದು, ಆಮೇಲೆ ಅದೇ ಸಾಲನ್ನು ಕಾಲಿಗೆ ಇಳಿಸುವುದು, ಆಮೇಲೆ ಬಲಗೈ ಸಾಲು ಹೇಳಿದರೆ ನಡುವಿನ ಖಾಲಿ ಜಾಗವನ್ನೆಲ್ಲ ಎಡಗೈ ತುಂಬುವುದು. ಇಷ್ಟೂ ನಡೆಯುವಾಗ ಬಾಯಲ್ಲಿ ಒಂದು ಹಾಡಿನ ಧಾಟಿಯನ್ನು ಗಟ್ಟಿಯಾಗಿ ಹಾಡುತ್ತಿರಬೇಕು! ಜಾಝ್ ಹಾಡು ಸಾಮಾನ್ಯವಾಗಿ 32 ಬಾರ್ (ತಾಳದ ಒಂದೊಂದು ಸುತ್ತು) ಇರುತ್ತೆ, ಎಂಟೆಂಟರ ನಾಲ್ಕು ಭಾಗ. ಹಾಡುತ್ತಾ ಬಾರಿಸಿದವನಿಗೆ ತಾನು ಎಷ್ಟನೇ ಬಾರ್‌ನಲ್ಲಿದ್ದೇನೆ ಅಂತ ಬೆರಳು ಮಡಚಬೇಕಾಗಿಲ್ಲ, ಹಾಡೇ ಹೇಳುತ್ತೆ.

ನಮಗೂ ಅವರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ ನೋಡಿ. ಕೊನ್ನಕ್ಕೋಲಿನಲ್ಲಿ ಕೈ ಏನು ಬಾರಿಸುತ್ತೋ ಅದನ್ನೇ ಬಾಯಿ ಹೇಳುತ್ತೆ, ತಕಧಿಮಿ ಅಂದರೆ ತಕಧಿಮಿ. ಡಾಸನ್ ಪಾಠದಲ್ಲಿ ಕೈ ಒಂದು ಹೇಳಿದರೆ ಬಾಯಿ ಇನ್ನೊಂದು ಹೇಳುತ್ತೆ, ಬಾಯಿ ಹೇಳುವುದು ಏಟನ್ನಲ್ಲ, ಹಾಡನ್ನು. ನಿಮ್ಮ ಮೃದಂಗದ ಮೇಷ್ಟ್ರನ್ನು ಕೇಳಿ ಒಂದು ದಿನ ಹೀಗೆ ಮಾಡಿ. ಕೈಯಲ್ಲಿ ಆದಿತಾಳದ ಪಾಠ ಓಡುತ್ತಿರಲಿ, ಬಾಯಲ್ಲಿ ನಿಮಗೆ ಚೆನ್ನಾಗಿ ಬರುವ ಒಂದು ದೇವರನಾಮ ಹಾಡಿ. ಎಲ್ಲಿ ಎಡವಿದಿರಿ ಅಂತ ನನಗೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.

ಪ್ರಶ್ನೆ: ಹತ್ತು ವರ್ಷಕ್ಕೆ ವೇದಿಕೆ ಹತ್ತಿಸಿದ ಮಕ್ಕಳು ಇಪ್ಪತ್ತಕ್ಕೆ ಎಲ್ಲಿಯೂ ಕಾಣುವುದಿಲ್ಲ. ಈಕೆ ಹೇಗೆ ಉಳಿದರು? (ನಿವೃತ್ತ ಶಿಕ್ಷಕರು, ಬೆಳಗಾವಿ)

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ ಗುರುಗಳೇ. ಮೂರು ವರ್ಷ ಪಾಠ ಆದಮೇಲೆ ಅವಳ ಮೊದಲ ದೊಡ್ಡ ಕಾರ್ಯಕ್ರಮ ಕನ್ಸಾಸ್ ರಾಜ್ಯದ ವಿಚಿಟಾ ಜಾಝ್ ಉತ್ಸವದಲ್ಲಿ, ತುತ್ತೂರಿಯ ಕ್ಲಾರ್ಕ್ ಟೆರಿ ಜೊತೆ. ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ಇಬ್ಬರ ತಂಡದಲ್ಲೂ ನುಡಿಸಿದ ಹಿರಿಯರು ಅವರು, ಚಿಕ್ಕವರನ್ನು ಕೈಹಿಡಿದು ಕರೆದುಕೊಂಡು ಹೋಗುವುದರಲ್ಲಿ ಎತ್ತಿದ ಕೈ. ಮುಂದೆ ದೊಡ್ಡ ಸಂಗೀತ ನಿರ್ಮಾಪಕರಾದ ಕ್ವಿನ್ಸಿ ಜೋನ್ಸ್‌ಗೂ ಹುಡುಗನಾಗಿದ್ದಾಗ ಪಾಠ ಹೇಳಿದ್ದು ಅವರೇ. ಮುಂದೆ 1990ರ ದಶಕದಲ್ಲಿ ಅದೇ ಕ್ವಿನ್ಸಿ ಜೋನ್ಸ್ ಮಾಡಿದ ಟಿವಿ ಕಾರ್ಯಕ್ರಮಕ್ಕೆ ಡ್ರಮ್ ಬಾರಿಸಿದ್ದು ಟೆರಿ ಲಿನ್. ಒಂದೇ ಬಳ್ಳಿಯ ಎರಡು ಕುಡಿ.

ಉಳಿದದ್ದು ಹೇಗೆ ಅಂದರೆ, ನನಗನಿಸುವುದು, ಅವಳನ್ನು ಯಾರೂ ಮುದ್ದುಮಗು ಅಂತ ಮೆರೆಸಿ ಬಿಟ್ಟುಬಿಡಲಿಲ್ಲ. ವೇದಿಕೆಯಿಂದ ಇಳಿದರೆ ಡಾಸನ್ ಬ್ರಷ್ ಹಿಡಿಸಿ ಕೂರಿಸುತ್ತಿದ್ದರು. ಬರ್ಕ್ಲಿಯಲ್ಲಿ ತನಗಿಂತ ದೊಡ್ಡವರ ಜೊತೆ ಬಾರಿಸಬೇಕಿತ್ತು. 17 ತುಂಬುವ ಮೊದಲು ಮನೆಮಟ್ಟಿಗೆ ಒಂದು ಆಲ್ಬಮ್ ಆಯಿತು, ಅದರಲ್ಲಿ ಕೆನ್ನಿ ಬ್ಯಾರನ್, ಬಸ್ಟರ್ ವಿಲಿಯಮ್ಸ್, ಜಾರ್ಜ್ ಕೋಲ್ಮನ್ ಜೊತೆಗೆ ಅಪ್ಪನೂ ನುಡಿಸಿದ್ದಾರೆ. 1983ರಲ್ಲಿ ಡ್ರಮ್ಮರ್ ಜ್ಯಾಕ್ ಡಿಜಾನೆಟ್ ಹುರಿದುಂಬಿಸಿ ನ್ಯೂಯಾರ್ಕ್‌ಗೆ ಹೊರಡಿಸಿದರು. ಡಿಜಾನೆಟ್ ಚಿಕ್ಕಂದಿನಲ್ಲಿ ಪಿಯಾನೋ ಕಲಿತಿದ್ದವರು, ಡ್ರಮ್ ಬಾರಿಸಿದರೂ ಸ್ವರ ಕೇಳುವ ಕಿವಿ. ಟೆರಿ ಲಿನ್ ಬರೀ ತಾಳದವರಾಗಿ ಉಳಿಯದೆ ಹಾಡು ಕಟ್ಟುವವರೂ ಆದದ್ದರಲ್ಲಿ ಆ ಒಡನಾಟದ ಪಾಲು ಜಾಸ್ತಿ ಅಂತ ನನ್ನ ಲೆಕ್ಕ. ಆಮೇಲೆ ಸ್ಟಾನ್ ಗೆಟ್ಸ್, ವೇನ್ ಶಾರ್ಟರ್, ಹರ್ಬಿ ಹ್ಯಾನ್‌ಕಾಕ್ ಅಂತ ದೊಡ್ಡ ಹೆಸರುಗಳ ಜೊತೆ ಕೆಲಸ. 2007ರಲ್ಲಿ ತಾವು ಕಲಿತ ಬರ್ಕ್ಲಿಯಲ್ಲೇ ಪ್ರೊಫೆಸರ್ ಆದರು.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ, ಡ್ರಮ್ಸ್ ಬೇಕಂತೆ. ನಮ್ಮ ಮನೆಯಲ್ಲಿ ಸಂಗೀತದವರು ಯಾರೂ ಇಲ್ಲ, ಮೇಲಾಗಿ ಅದು ಗಂಡುಮಕ್ಕಳ ವಾದ್ಯ ಅಂತ ಮನೆಯವರ ತಕರಾರು. (ಅಜ್ಜಿ, ಶಿವಮೊಗ್ಗ)

ಉತ್ತರ: ಅಜ್ಜಿ, ನಿಮ್ಮ ಪತ್ರ ಓದಿ ಖುಷಿಯಾಯಿತು. ಕ್ಯಾರಿಂಗ್ಟನ್ ಮನೆಯಲ್ಲಿ ಅಜ್ಜನ ಡ್ರಮ್ ಇತ್ತು, ನಿಮ್ಮ ಮನೆಯಲ್ಲಿ ಅಜ್ಜಿಯೇ ಇದ್ದೀರಿ.

ಗಂಡುಮಕ್ಕಳ ವಾದ್ಯ ಅನ್ನುವ ತಕರಾರು ಅಲ್ಲಿಯೂ ಇದೆ. ಜಾಝ್ ಕಲಿಯುವವರೆಲ್ಲ ಇಟ್ಟುಕೊಳ್ಳುವ ಒಂದು ಸ್ವರಲಿಪಿ ಪುಸ್ತಕ ಇದೆ, 1970ರ ದಶಕದಲ್ಲಿ ಬರ್ಕ್ಲಿ ಹುಡುಗರೇ ಕದ್ದುಮುಚ್ಚಿ ಝೆರಾಕ್ಸ್ ಮಾಡಿ ಹಂಚಿದ್ದು. ಅದರಲ್ಲಿ ಹೆಂಗಸರು ಕಟ್ಟಿದ ಹಾಡುಗಳು ತೀರಾ ಕಡಿಮೆ. ಟೆರಿ ಲಿನ್ 2022ರಲ್ಲಿ ಹೆಂಗಸರೇ ಕಟ್ಟಿದ 101 ಹಾಡುಗಳ ಪುಸ್ತಕ ತಂದರು. ಅದಕ್ಕೂ ಮೊದಲು, 2018ರಲ್ಲಿ, ಜಾಝ್‌ನಲ್ಲಿ ಗಂಡಸರ ಯಜಮಾನಿಕೆಯನ್ನು ಪ್ರಶ್ನಿಸುವುದಕ್ಕೆಂದೇ ಬರ್ಕ್ಲಿಯಲ್ಲಿ ಒಂದು ಸಂಸ್ಥೆ ಶುರು ಮಾಡಿದ್ದರು. ಅಷ್ಟು ದೂರ ಯಾಕೆ, ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಘಟ ಕಲಿಯುತ್ತೇನೆ ಅಂದಾಗ ಹುಡುಗಿಯ ಬೆರಳಿಗೆ ಕಷ್ಟ ಅಂದದ್ದು ಘಟದ ದೊಡ್ಡ ವಿದ್ವಾಂಸ ವಿಕ್ಕು ವಿನಾಯಕರಾಮ್ ಅವರೇ. ಅವರ ತಂದೆ ಹರಿಹರ ಶರ್ಮರು ನಾನು ಕಲಿಸುತ್ತೇನೆ ಅಂದರು, ಕಲಿಸಿದರು. ಇವತ್ತು ಸುಕನ್ಯಾ ಅವರು ಆರೇಳು ಘಟ ಸುತ್ತ ಇಟ್ಟುಕೊಂಡು ರಾಗವನ್ನೇ ನುಡಿಸುತ್ತಾರೆ. ಇದನ್ನು ತಕರಾರಿನವರಿಗೆ ಓದಿ ಹೇಳಿ.

ಈಗಲೇ ಡ್ರಮ್ ಸೆಟ್ ಬೇಡ. ಒಂದು ಪ್ರಾಕ್ಟೀಸ್ ಪ್ಯಾಡ್, ಒಂದು ಜೊತೆ ಕೋಲು ಸಾಕು. ರಬ್ಬರ್ ಪ್ಯಾಡ್ ಆದ್ದರಿಂದ ಪಕ್ಕದ ಮನೆಯವರೂ ಬರುವುದಿಲ್ಲ. ದಿನಾ ಹದಿನೈದು ನಿಮಿಷ, ಮೇಲೆ ಮೈಸೂರಿನ ವಿದ್ಯಾರ್ಥಿಗೆ ಹೇಳಿದ ಪ್ಯಾರಡಿಡಲ್. ಆರು ತಿಂಗಳಾದ ಮೇಲೂ ಅವಳಾಗಿಯೇ ಕೂತು ಬಾರಿಸುತ್ತಿದ್ದರೆ ಆಗ ಸೆಟ್ ಯೋಚನೆ ಮಾಡಿ. ಹಾಂ, ಬಾರಿಸುವಾಗ ಒಂದು ಹಾಡು ಹೇಳಲಿ, ನೀವು ಪಕ್ಕದಲ್ಲಿ ಕೂತು ಕೇಳಿ.

ಪ್ರಶ್ನೆ: ಬಾಸ್ಟನ್‌ನ ಆ ಕಾಲೇಜಿಗೂ ನಮ್ಮ ಬೆಂಗಳೂರಿಗೂ ಏನಾದರೂ ನಂಟು ಇದೆಯಾ? (ಓದುಗರು, ಬೆಂಗಳೂರು)

ಉತ್ತರ: ಇದೆ. ಚಾರ್ಲಿ ಮರಿಯಾನೊ, ಬಾಸ್ಟನ್‌ನಲ್ಲೇ ಹುಟ್ಟಿದ ಸ್ಯಾಕ್ಸೋಫೋನ್ ವಾದಕರು, ಬರ್ಕ್ಲಿಯಲ್ಲಿ ಪಾಠ ಹೇಳಿದವರು. ಮುಂದೆ ನಮ್ಮೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದ ಮೃದಂಗದ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಜೊತೆ ಸೇರಿದರು. 1983ರಲ್ಲಿ ಬಂದ 'ಜ್ಯೋತಿ' ಆಲ್ಬಮ್ ಹುಡುಕಿ ಕೇಳಿ.

ಪ್ರಶ್ನೆ: ಟೆರಿ ಲಿನ್ ಅವರನ್ನು ಕೇಳಲು ಶುರು ಮಾಡುವುದು ಎಲ್ಲಿಂದ? ಜಾಝ್ ಅಂದರೆ ನನಗೆ ಗದ್ದಲವೇ ಜಾಸ್ತಿ ಕೇಳಿಸುತ್ತೆ. (ಓದುಗಿ, ಮಂಗಳೂರು)

ಉತ್ತರ: ಎರಡು ಆಲ್ಬಮ್ ಒಟ್ಟಿಗೆ ಇಟ್ಟುಕೊಳ್ಳಿ. ಮೊದಲನೆಯದು 'ಮನಿ ಜಂಗಲ್', ಪಿಯಾನೋದ ಮೇಲೆ ಡ್ಯೂಕ್ ಎಲಿಂಗ್ಟನ್, ಬಾಸ್ ಮೇಲೆ ಚಾರ್ಲ್ಸ್ ಮಿಂಗಸ್, ಡ್ರಮ್ಮಿನ ಮೇಲೆ ಮ್ಯಾಕ್ಸ್ ರೋಚ್, 1962ರಲ್ಲಿ ರೆಕಾರ್ಡ್ ಆದದ್ದು. ಎರಡನೆಯದು ಅದನ್ನೇ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿ ಟೆರಿ ಲಿನ್ 2013ರಲ್ಲಿ ತಂದದ್ದು. ಅದಕ್ಕೆ ಗ್ರ್ಯಾಮಿಯ ಜಾಝ್ ವಾದ್ಯಸಂಗೀತ ಆಲ್ಬಮ್ ಪ್ರಶಸ್ತಿ ಬಂತು, ಆ ವಿಭಾಗದಲ್ಲಿ ಹೆಂಗಸೊಬ್ಬರು ಗೆದ್ದದ್ದು ಅದೇ ಮೊದಲು. ಒಂದು ಹಾಡನ್ನು ಮೊದಲು ಹಳೆಯದರಲ್ಲಿ, ಆಮೇಲೆ ಹೊಸದರಲ್ಲಿ ಕೇಳಿ. ಬೇರೆಲ್ಲ ಬಿಟ್ಟು ಸಿಂಬಲ್ ಒಂದರ ಮೇಲೆ ಕಿವಿ ಇಡಿ, ಗದ್ದಲ ತಾನಾಗಿ ಬಿಡಿಬಿಡಿಯಾಗುತ್ತೆ. ಹೊಸದರಲ್ಲಿ ಪಿಯಾನೋ ನುಡಿಸಿರುವ ಹುಡುಗ ಜೆರಾಲ್ಡ್ ಕ್ಲೇಟನ್, ಬಾಸ್ ವಾದಕ ಜಾನ್ ಕ್ಲೇಟನ್ ಅವರ ಮಗ. ಹುಬ್ಬಳ್ಳಿಯವರು ಇದನ್ನು ಓದಿ ಮತ್ತೆ ರಕ್ತ ಅಂತ ಪತ್ರ ಬರೆಯುತ್ತಾರೆ, ನೋಡುತ್ತಿರಿ.