ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿದಿರಿನ ಹೆಸರು ಹೊತ್ತ ಯುದ್ಧನೌಕೆ

ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ ಜಪಾನ್ ಅವಸರವಸರವಾಗಿ ಕಟ್ಟಿದ ಬೆಂಗಾವಲು ಡೆಸ್ಟ್ರಾಯರ್‌ಗಳ (ಡೆಸ್ಟ್ರಾಯರ್ ಅಂದರೆ ವೇಗವಾಗಿ ಓಡುವ ಯುದ್ಧನೌಕೆ) ಬಗ್ಗೆ, ಅದರಲ್ಲೂ ‘ತಕೆ’ ಎಂಬ ಹಡಗಿನ ಬಗ್ಗೆ ಕೆಲವು ಪ್ರಶ್ನೆಗಳು ಬಂದಿವೆ. ಈ ಸಂಚಿಕೆಯಲ್ಲಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಡೆಸ್ಟ್ರಾಯರ್ ಗೊತ್ತು, ಈ ‘ಬೆಂಗಾವಲು ಡೆಸ್ಟ್ರಾಯರ್’ ಏನು? ಗಾತ್ರ ಸಣ್ಣದಾದರೆ ಆ ಹೆಸರೇ? (ಕಾರವಾರದ ಓದುಗರು)

ಸಣ್ಣದು ಅನ್ನುವುದಕ್ಕಿಂತ ಅಗ್ಗದ್ದು ಅನ್ನಿ. ಯುದ್ಧಕ್ಕೆ ಮುಂಚೆ ಜಪಾನಿನ ಡೆಸ್ಟ್ರಾಯರ್‌ಗಳು ದೊಡ್ಡ ಯುದ್ಧನೌಕೆಗಳ ಜೊತೆ ಹೋಗಿ, ರಾತ್ರಿ ಹೊತ್ತು ಶತ್ರುವಿನ ಮೇಲೆ ಟಾರ್ಪೆಡೊ (ನೀರೊಳಗೇ ಓಡಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಬಿಡಲೆಂದು ತಯಾರಾದವು. ಕಗೆರೊ ವರ್ಗವನ್ನೇ (ವರ್ಗ ಅಂದರೆ ಒಂದೇ ನಕ್ಷೆಯ ಹಡಗುಗಳ ಗುಂಪು) ನೋಡಿ: ಸುಮಾರು 2,000 ಟನ್, 52,000 ಅಶ್ವಶಕ್ತಿ, 35 ನಾಟ್ ವೇಗ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), 127 ಮಿ.ಮೀ.ಯ ಆರು ತೋಪು, ಎಂಟು ಟಾರ್ಪೆಡೊ ಕೊಳವೆ. 1942ರ ಆಗಸ್ಟಿನಿಂದ ಗ್ವಾಡಲ್‌ಕೆನಾಲ್ ದ್ವೀಪದ ಸುತ್ತ ಇಂಥ ಹಡಗುಗಳನ್ನೇ ಅಕ್ಕಿ ಮೂಟೆ, ಸೈನಿಕರನ್ನು ಸಾಗಿಸುವ ಕೆಲಸಕ್ಕೆ ಹಚ್ಚಬೇಕಾಯಿತು. ರೇಷ್ಮೆ ಪಂಚೆ ಉಟ್ಟು ಗದ್ದೆಗಿಳಿದ ಹಾಗೆ. ಒಂದೊಂದಾಗಿ ಮುಳುಗಿದವು, ಆ ವೇಗದಲ್ಲಿ ಬದಲಿ ಕಟ್ಟಲು ಆಗಲಿಲ್ಲ.

ಆಗ ಹುಟ್ಟಿದ್ದು ಮತ್ಸು ವರ್ಗ, ತಕೆಯೂ ಇದೇ ವರ್ಗದ್ದು. 1,262 ಟನ್, 100 ಮೀಟರ್ ಉದ್ದ, 19,000 ಅಶ್ವಶಕ್ತಿ, 27.8 ನಾಟ್. ಮುಂದೆ ಒಂದು, ಹಿಂದೆ ಜೋಡಿ, ಹೀಗೆ 127 ಮಿ.ಮೀ.ಯ ಮೂರು ತೋಪು. ನಾಲ್ಕು ಟಾರ್ಪೆಡೊ ಕೊಳವೆ, ಜಲಾಂತರ್ಗಾಮಿಗಳಿಗಾಗಿ 36 ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು). ಜಪಾನಿನ ನೌಕಾಪಡೆ ಇದನ್ನು ಬರೀ ಡೆಸ್ಟ್ರಾಯರ್ ಎಂದೇ ಕರೆಯಿತು. ‘ಬೆಂಗಾವಲು’ ಎನ್ನುವುದು ಇಂಗ್ಲಿಷಿನಲ್ಲಿ ಬರೆದವರು ಅಂಟಿಸಿದ ವಿಶೇಷಣ.

‘ಕೈಬೋಕನ್’ ಎಂಬ ಇನ್ನೂ ಚಿಕ್ಕ ಬೆಂಗಾವಲು ಹಡಗುಗಳೂ ಇದ್ದವು. ಎಷ್ಟೋ ಲೇಖನಗಳು ಎರಡನ್ನೂ ಕಲಸಿಬಿಡುತ್ತವೆ. ಕೊನೆಗೆ ಬಂದ ಕೈಬೋಕನ್‌ಗಳ ವೇಗ 16.5ರಿಂದ 17.5 ನಾಟ್, ಅವಕ್ಕೆ ಟಾರ್ಪೆಡೊ ಇಲ್ಲ. ಅಮೆರಿಕದ ಜಲಾಂತರ್ಗಾಮಿ ನೀರಿನ ಮೇಲೆ ಸುಮಾರು 20 ನಾಟ್‌ನಲ್ಲಿ ಓಡುತ್ತಿತ್ತು. ಅದನ್ನು ಅಟ್ಟಿಸಿಕೊಂಡು ಹೋಗುವುದು ಮತ್ಸುವಿಗೆ ಸಾಧ್ಯ, ಕೈಬೋಕನ್‌ಗೆ ಇಲ್ಲ.

ಪ್ರಶ್ನೆ: ಈ ಹಡಗುಗಳಿಗೆಲ್ಲ ಗಿಡಮರಗಳ ಹೆಸರೇ ಏಕೆ? (ರಾಮನಗರದ ಓದುಗರು)

ಜಪಾನಿನಲ್ಲಿ ಮೊದಲ ದರ್ಜೆಯ ಡೆಸ್ಟ್ರಾಯರ್‌ಗಳಿಗೆ ಗಾಳಿ, ಅಲೆ, ಮೋಡ, ಚಂದ್ರರ ಹೆಸರಿಡುತ್ತಿದ್ದರು, ಎರಡನೇ ದರ್ಜೆಯವಕ್ಕೆ ಗಿಡಮರಗಳದ್ದು. ಚಿಕ್ಕದಾದ ಈ ಹೊಸ ವರ್ಗಕ್ಕೂ ಅದೇ ಪದ್ಧತಿ ಬಂತು. ಮತ್ಸು ಅಂದರೆ ದೇವದಾರಿನ ಜಾತಿಯ ಪೈನ್ ಮರ, ತಕೆ ಅಂದರೆ ಬಿದಿರು, ನಶಿ ಅಂದರೆ ಪಿಯರ್ ಹಣ್ಣಿನ ಮರ. ತಕೆಯ ಜೊತೆಗಾರ ‘ಕುವ’ ಅಂದರೆ ಹಿಪ್ಪುನೇರಳೆ, ನಿಮ್ಮೂರಿನಲ್ಲಿ ರೇಷ್ಮೆಹುಳುವಿಗೆ ಹಾಕುವ ಅದೇ ಸೊಪ್ಪು. ನಾವಿಕರು ಇಡೀ ವರ್ಗವನ್ನು ‘ಕುರುಚಲು ಕಾಡು’ ಎಂದು ಆಡಿಕೊಳ್ಳುತ್ತಿದ್ದರು.

ಪ್ರಶ್ನೆ: ಯುದ್ಧನೌಕೆಯನ್ನು ಆರೆಂಟು ತಿಂಗಳಲ್ಲಿ ಕಟ್ಟಿ ಮುಗಿಸಿದರು ಎಂದು ಓದಿದೆ. ಹೇಗೆ ಸಾಧ್ಯ? ಎಲ್ಲಿ ರಾಜಿ ಮಾಡಿಕೊಂಡರು? (ಭದ್ರಾವತಿಯ ಓದುಗರು)

ತಕೆಯ ಲೆಕ್ಕವೇ ಇದೆ. ಯೊಕೊಸುಕಾ ಹಡಗುಕಟ್ಟೆಯಲ್ಲಿ 1943ರ ಅಕ್ಟೋಬರ್ 15ರಂದು ಕೆಲಸ ಶುರು, 1944ರ ಮಾರ್ಚ್ 28ರಂದು ನೀರಿಗೆ, ಜೂನ್ 16ಕ್ಕೆ ಸೇವೆಗೆ. ಎಂಟು ತಿಂಗಳು. ಆಮೇಲೆ ಬಂದ ಕೆಲವು ಇನ್ನೂ ಬೇಗ ಮುಗಿದವು.

ಉಳಿತಾಯ ಮೊದಲು ಉಕ್ಕಿನಲ್ಲಿ. ದುಬಾರಿ ವಿಶೇಷ ಉಕ್ಕಿನ ಬದಲು ಸುಲಭವಾಗಿ ಸಿಗುವ ಉಕ್ಕು ಬಳಸಿದರು. ಎರಡನೆಯದು ಹಲಗೆಯ ಬಾಗು. ತಗಡನ್ನು ಒಂದೇ ದಿಕ್ಕಿಗೆ ಬಾಗಿಸಲು ರೋಲರ್ ಸಾಕು. ಎರಡೂ ದಿಕ್ಕಿಗೆ ಬಾಗಿಸಬೇಕಾದರೆ ಕಾಯಿಸಿ, ಬಡಿದು, ಅಚ್ಚಿಗೆ ಹಿಡಿದು ನೋಡುತ್ತ ಕೂರಬೇಕು, ಅದಕ್ಕೆ ಪಳಗಿದ ಕೈಯೇ ಬೇಕು. ಅಂಥ ತಗಡುಗಳನ್ನೇ ವಿನ್ಯಾಸದಿಂದ ತೆಗೆದು ನೇರ ಗೆರೆಗಳಿಗೆ ಇಳಿದರು, ವೆಲ್ಡಿಂಗ್ ಹೆಚ್ಚಿಸಿದರು. ಇದೇ ವರ್ಗವನ್ನು ಇನ್ನೂ ಸರಳಗೊಳಿಸಿ ನಂತರ ಕಟ್ಟಿದ ತಚಿಬಾನಾ ಮಾದರಿಯಲ್ಲಿ ಎರಡು ಪದರದ ತಳ ಕೂಡ ಹೋಗಿ ಒಂದೇ ಪದರದ ತಳ ಬಂತು. ಎಂಜಿನ್ನನ್ನು ಹೊಸದಾಗಿ ರೂಪಿಸಲಿಲ್ಲ. ಯುದ್ಧಕ್ಕೆ ಮೊದಲಿನ ಒತೊರಿ ವರ್ಗದ ಟಾರ್ಪೆಡೊ ದೋಣಿಗಳಲ್ಲಿ ಓಡುತ್ತಿದ್ದ ಟರ್ಬೈನ್ ಜೋಡಿಯನ್ನೇ ತಂದು ಕೂರಿಸಿದರು. ವೇಗ 28 ನಾಟ್ ದಾಟದಿರಲು ಇದೇ ಕಾರಣ.

ಹಾಗಂತ ಎಲ್ಲದರಲ್ಲೂ ಕಡಿತ ಅಲ್ಲ. ಒಂದು ವಿಷಯದಲ್ಲಿ ಈ ಅಗ್ಗದ ಹಡಗು ದುಬಾರಿಯವಕ್ಕಿಂತ ಮುಂದಿತ್ತು. ನಮ್ಮ ಮಟ್ಟಿಗೆ ಮತ್ಸು ವರ್ಗದ ನಿಜವಾದ ಜಾಣತನ ಇರುವುದು ತೋಪಿನಲ್ಲಲ್ಲ, ಇಲ್ಲಿ. ಹಳೆಯ ಡೆಸ್ಟ್ರಾಯರ್‌ಗಳಲ್ಲಿ ಬಾಯ್ಲರ್ ಕೋಣೆಗಳೆಲ್ಲ ಒಂದು ಕಡೆ ಸಾಲಾಗಿ, ಎಂಜಿನ್ ಕೋಣೆಗಳು ಅವುಗಳ ಹಿಂದೆ. ಎರಡು ಎಂಜಿನ್ ಕೋಣೆಗಳ ನಡುವಿನ ಗೋಡೆಯ ಹತ್ತಿರ ಒಂದೇ ಟಾರ್ಪೆಡೊ ಬಡಿದರೂ ಎರಡಕ್ಕೂ ನೀರು ನುಗ್ಗಿ ಹಡಗು ನಿಂತಲ್ಲೇ ನಿಲ್ಲುತ್ತಿತ್ತು. ನಿಂತ ಹಡಗು ವಿಮಾನಗಳಿಗೆ ಸಿಕ್ಕ ತುತ್ತು. ಮತ್ಸುವಿನಲ್ಲಿ ಬಾಯ್ಲರ್, ಎಂಜಿನ್, ಮತ್ತೆ ಬಾಯ್ಲರ್, ಮತ್ತೆ ಎಂಜಿನ್ ಎಂದು ಒಂದು ಬಿಟ್ಟು ಒಂದು ಜೋಡಿಸಿದರು. ಮುಂದಿನ ಜೋಡಿ ಮುಳುಗಿದರೂ ಹಿಂದಿನದು ಒಂದು ಪ್ರೊಪೆಲರ್ ತಿರುಗಿಸುತ್ತದೆ, ಹಡಗು ಕುಂಟುತ್ತಲಾದರೂ ಮನೆ ಸೇರುತ್ತದೆ. ಹಳೆಯ ಫೋಟೊದಲ್ಲಿ ಈ ವರ್ಗವನ್ನು ಗುರುತಿಸುವ ಸುಲಭ ಉಪಾಯವೂ ಇದೇ: ಬಾಯ್ಲರ್‌ಗಳು ದೂರ ದೂರ ಇರುವುದರಿಂದ ಎರಡು ಚಿಮಣಿಗಳ ನಡುವೆ ಎದ್ದು ಕಾಣುವಷ್ಟು ಅಂತರ ಇರುತ್ತದೆ.

ದೊಡ್ಡ ಕೊರತೆ ವಿಮಾನಗಳ ವಿರುದ್ಧದ 25 ಮಿ.ಮೀ. ಬಂದೂಕುಗಳದ್ದು. ಇಪ್ಪತ್ತಕ್ಕೂ ಹೆಚ್ಚು ನಳಿಕೆಗಳಿದ್ದರೂ ಒಂದು ಡಬ್ಬಿಯಲ್ಲಿ 15 ಗುಂಡು ಮಾತ್ರ. ಕೆಲವೇ ಸೆಕೆಂಡಿನಲ್ಲಿ ಖಾಲಿ, ಮತ್ತೆ ಡಬ್ಬಿ ಬದಲಿಸಬೇಕು. ವಿಮಾನ ಮೇಲೆರಗುವುದು ಅಷ್ಟರೊಳಗೇ.

ಪ್ರಶ್ನೆ: ಒರ್ಮಾಕ್ ಕೊಲ್ಲಿಯಲ್ಲಿ ತಕೆ ತನಗಿಂತ ದೊಡ್ಡ ಅಮೆರಿಕನ್ ಹಡಗನ್ನು ಮುಳುಗಿಸಿತಂತೆ. ವಿವರವಾಗಿ ತಿಳಿಸಿ. (ಮೈಸೂರಿನ ಓದುಗರು)

ಮುಳುಗಿಸಿದ್ದು ನಿಜ. ಅದರ ಹಿಂದಿನ ತಿಂಗಳು ಏನಾಯಿತು ಎಂದು ತಿಳಿದರೆ ಆ ರಾತ್ರಿ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

1944ರ ಅಕ್ಟೋಬರಿನಲ್ಲಿ ಅಮೆರಿಕನ್ನರು ಫಿಲಿಪ್ಪೀನ್ಸಿನ ಲೇಟೆ ದ್ವೀಪಕ್ಕೆ ಇಳಿದರು. ಅಲ್ಲಿನ ತನ್ನ ಸೈನ್ಯಕ್ಕೆ ಜನ, ಮದ್ದುಗುಂಡು ತಲುಪಿಸಲು ಜಪಾನ್ ಮನಿಲಾದಿಂದ ಲೇಟೆಯ ಪಶ್ಚಿಮದ ಒರ್ಮಾಕ್‌ಗೆ ಹಡಗುಗಳ ತಂಡ ಕಳಿಸತೊಡಗಿತು. ಮೂರನೇ ತಂಡದಲ್ಲಿ ತಕೆ ಇತ್ತು. ನವೆಂಬರ್ 10ರ ರಾತ್ರಿ ಎದುರಿನಿಂದ ವಾಪಸಾಗುತ್ತಿದ್ದ ನಾಲ್ಕನೇ ತಂಡ ಸಿಕ್ಕಿತು. ಅಲ್ಲೇ ಅದಲುಬದಲು: ತಕೆ ಮತ್ತು ಹತ್ಸುಹರು ಎಂಬ ಡೆಸ್ಟ್ರಾಯರ್ ಮನಿಲಾ ಕಡೆ ತಿರುಗಿದವು, ಆ ಕಡೆಯ ಮೂರು ದೊಡ್ಡ ಡೆಸ್ಟ್ರಾಯರ್‌ಗಳು ಒರ್ಮಾಕ್ ಕಡೆ. ಮರುದಿನ ಅಮೆರಿಕದ ವಿಮಾನಗಳು ಮೂರನೇ ತಂಡವನ್ನು ಹೇಳಹೆಸರಿಲ್ಲದಂತೆ ಮಾಡಿದವು. ಶಿಮಕಜೆ, ಹಮನಮಿ, ನಗನಮಿ, ವಕತ್ಸುಕಿ ನಾಲ್ಕೂ ಡೆಸ್ಟ್ರಾಯರ್‌ಗಳು ಮುಳುಗಿದವು. ತಿಂಗಳ ಕೊನೆಯ ಐದನೇ ತಂಡದಲ್ಲೂ ತಕೆಯ ಜೊತೆಗಿದ್ದ ಮೂರು ಸಾಗಣೆ ಹಡಗುಗಳಲ್ಲಿ ಎರಡು ದಾರಿಯಲ್ಲೇ ವಿಮಾನಗಳಿಗೆ ಬಲಿಯಾದವು. ಉಳಿದ ಒಂದನ್ನು ಕರೆದುಕೊಂಡು ತಕೆ ಹಿಂತಿರುಗಿತು.

ಏಳನೇ ತಂಡಕ್ಕೆ ತಕೆ ಮತ್ತು ಕುವ ಬೆಂಗಾವಲು, ಜೊತೆಗೆ 9, 140, 159 ಸಂಖ್ಯೆಯ ಮೂರು ಸಾಗಣೆ ಹಡಗು. ಡಿಸೆಂಬರ್ 2ರ ರಾತ್ರಿ ಒರ್ಮಾಕ್‌ನಲ್ಲಿ ಸಾಮಾನು ಇಳಿಸುತ್ತಿದ್ದಾಗ ದಕ್ಷಿಣದಿಂದ ಅಮೆರಿಕದ ಆಲೆನ್ ಎಂ. ಸಮ್ನರ್, ಮೋಲ್, ಕೂಪರ್ ಎಂಬ ಡೆಸ್ಟ್ರಾಯರ್‌ಗಳು ಬಂದವು. ತಲಾ 2,200 ಟನ್, ತಲಾ ಆರು ತೋಪು. 18 ತೋಪಿಗೆ ಎದುರು ಆರು. ಲೆಕ್ಕದ ಪ್ರಕಾರ ಇದು ಕಾಳಗವೇ ಅಲ್ಲ. ಮಧ್ಯರಾತ್ರಿ ದಾಟಿ ಕೆಲವೇ ನಿಮಿಷಕ್ಕೆ ರೇಡಾರ್ ಹಿಡಿದ ಗುರಿಯ ಮೇಲೆ ಗುಂಡಿನ ಮಳೆ ಶುರುವಾಯಿತು. ಮೊದಲ ಪೆಟ್ಟು ತಿಂದ ಕುವ ಹೊತ್ತಿ ಉರಿದು ಮುಳುಗಿತು.

ತಕೆ ಟಾರ್ಪೆಡೊ ಬಿಟ್ಟಿತು. 12 ಗಂಟೆ 13 ನಿಮಿಷಕ್ಕೆ ಒಂದು ಕೂಪರ್‌ನ ಬಲಮಗ್ಗುಲಿಗೆ ಬಡಿಯಿತು. ಹಡಗು ಎರಡು ತುಂಡಾಗಿ ಅರ್ಧ ನಿಮಿಷದಲ್ಲಿ ತಳ ಸೇರಿತು. ದೋಣಿ ಇಳಿಸುವುದಿರಲಿ, ಕೆಳಗಿದ್ದವರಿಗೆ ಏಣಿ ಹತ್ತಲೂ ಸಮಯ ಸಿಗದ ಮುಳುಗು ಅದು. ಸತ್ತವರು 191. ದಡದಲ್ಲಿ ಶತ್ರು ಇದ್ದುದರಿಂದ ಉಳಿದ ಎರಡು ಹಡಗುಗಳು ನಿಲ್ಲದೆ ಹಿಂದೆ ಸರಿದವು. ನೀರಿನಲ್ಲಿದ್ದ 168 ಜನರನ್ನು ಮರುದಿನ ಮಧ್ಯಾಹ್ನ ಕೆಟಲೀನಾ ಸಮುದ್ರವಿಮಾನಗಳು ಬಂದು ಎತ್ತಿಕೊಂಡವು. ಒಂದು ವಿಮಾನ 56 ಮಂದಿಯನ್ನು ತುಂಬಿಕೊಂಡು ಹಾರಿತು. ತಕೆ ತಾನೂ ಪೆಟ್ಟು ತಿಂದಿತ್ತು, ಆದರೂ ಮನಿಲಾ ಮುಟ್ಟಿತು.

ಇದನ್ನು ‘ಬಿದಿರಿನ ಪವಾಡ’ ಎಂದೇನೂ ಬರೆಯಬೇಕಿಲ್ಲ. ಒಂದಕ್ಕೆ ಒಂದು ಹೋಯಿತು. ಜಪಾನಿನ ಕಡೆಯಿಂದ ನೋಡಿದರೆ ಆ ರಾತ್ರಿಯ ನಿಜವಾದ ಗೆಲುವು ಕೂಪರ್ ಮುಳುಗಿದ್ದಲ್ಲ, ಸಾಮಾನು ದಡ ಸೇರಿದ್ದು. ಬೆಂಗಾವಲು ಹಡಗನ್ನು ಕಳಿಸುವುದೇ ಅದಕ್ಕೆ ತಾನೇ?

ಪ್ರಶ್ನೆ: ಒಂದೇ ಟಾರ್ಪೆಡೊಗೆ ಹಡಗು ತುಂಡಾಗುವುದೆಂದರೆ ಅದರಲ್ಲಿ ಅಂಥದ್ದೇನಿತ್ತು? (ಬೆಂಗಳೂರಿನ ಓದುಗರು)

ಆಮ್ಲಜನಕ. ಆ ಕಾಲದ ಟಾರ್ಪೆಡೊಗಳು ಸಾಮಾನ್ಯವಾಗಿ ಒತ್ತಿ ತುಂಬಿದ ಗಾಳಿಯಲ್ಲಿ ಇಂಧನ ಉರಿಸುತ್ತಿದ್ದವು. ಗಾಳಿಯಲ್ಲಿ ಉರಿಯಲು ನೆರವಾಗುವ ಆಮ್ಲಜನಕ 21 ಪಾಲು, ಸಾರಜನಕವೇ 78 ಪಾಲು. ಅಂದರೆ ಟ್ಯಾಂಕಿನ ಮುಕ್ಕಾಲು ಪಾಲು ಸುಮ್ಮನೆ ಹೊರೆ. ಅಲ್ಲದೆ ಆ ಸಾರಜನಕ ಗುಳ್ಳೆಯಾಗಿ ಮೇಲೆದ್ದು, ಬಂದ ದಾರಿಯನ್ನು ಬಿಳಿ ಗೆರೆಯಾಗಿ ತೋರಿಸಿಬಿಡುತ್ತದೆ. ಜಪಾನಿನ 93ನೇ ಮಾದರಿ ಶುದ್ಧ ಆಮ್ಲಜನಕ ಬಳಸಿತು. ಹೊರಬರುವುದು ಹಬೆ ಮತ್ತು ಇಂಗಾಲದ ಡೈಆಕ್ಸೈಡ್. ಹಬೆ ನೀರಾಗುತ್ತದೆ, ಡೈಆಕ್ಸೈಡ್ ನೀರಿನಲ್ಲಿ ಕರಗುತ್ತದೆ, ಹಿಂದೆ ಹೆಚ್ಚು ಗುರುತು ಉಳಿಯುವುದಿಲ್ಲ.

610 ಮಿ.ಮೀ. ದಪ್ಪ, 9 ಮೀಟರ್ ಉದ್ದ, 2.7 ಟನ್ ತೂಕ, ಮೂತಿಯಲ್ಲಿ 490 ಕಿಲೊ ಸ್ಫೋಟಕ. 48 ನಾಟ್ ವೇಗದಲ್ಲಿ 20 ಕಿಲೋಮೀಟರ್ ಓಡುತ್ತಿತ್ತು, ಅಂದರೆ ನಿಮಿಷಕ್ಕೆ ಒಂದೂವರೆ ಕಿಲೋಮೀಟರ್. ಅಮೆರಿಕದ ಡೆಸ್ಟ್ರಾಯರ್‌ಗಳ ಟಾರ್ಪೆಡೊ 45 ನಾಟ್‌ನಲ್ಲಿ ಐದೂವರೆ ಕಿಲೋಮೀಟರಿಗೆ ಮುಗಿಯುತ್ತಿತ್ತು.

ಅಪಾಯವೂ ಅದೇ ಆಮ್ಲಜನಕದ್ದು. ಎಂಜಿನ್ ಚಾಲೂ ಮಾಡುವಾಗಲೇ ಶುದ್ಧ ಆಮ್ಲಜನಕ ನುಗ್ಗಿಸಿದರೆ ಸಿಡಿಯುತ್ತದೆ. ಹಾಗಾಗಿ ಮೊದಲು ಮಾಮೂಲಿ ಗಾಳಿಯಲ್ಲಿ ಉರಿಸಿ, ಹಂತಹಂತವಾಗಿ ಆಮ್ಲಜನಕಕ್ಕೆ ಹೊರಳಿಸುವ ವ್ಯವಸ್ಥೆ ಇತ್ತು. ಕೊಳವೆಯೊಳಗೆ ಒಂದಿಷ್ಟು ಎಣ್ಣೆ ಜಿಡ್ಡು ಉಳಿದರೂ ಬೆಂಕಿ, ಆದ್ದರಿಂದ ತೊಳೆಯುವುದೇ ಒಂದು ದೊಡ್ಡ ಕೆಲಸ. ಬಾಂಬು ಬಿದ್ದಾಗ ಡೆಕ್ಕಿನ ಮೇಲೆ ತುಂಬಿ ಕೂತ ಟಾರ್ಪೆಡೊ ತನ್ನ ಹಡಗಿಗೇ ಯಮ. 1944ರ ಅಕ್ಟೋಬರ್ 25ರಂದು ಸುಜುಯಾ ಎಂಬ ಕ್ರೂಸರ್‌ನ (ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ) ಪಕ್ಕದಲ್ಲಿ ಬಾಂಬು ಬಿದ್ದು, ಅದರದೇ ಟಾರ್ಪೆಡೊಗಳು ಸಿಡಿದು ಹಡಗು ಹೋಯಿತು. ಮತ್ಸು ವರ್ಗದಲ್ಲಿ ಕೊಳವೆಯೊಳಗಿನ ನಾಲ್ಕು ಬಿಟ್ಟರೆ ಬದಲಿ ಟಾರ್ಪೆಡೊ ಇರಲಿಲ್ಲ. ನಾಲ್ಕು ಬಿಟ್ಟ ಮೇಲೆ ಬರೀ ತೋಪು.

ಪ್ರಶ್ನೆ: ತಕೆ ಕೊನೆಗೆ ಏನಾಯಿತು? ಈ ವರ್ಗದ ಯಾವುದಾದರೂ ಹಡಗು ಈಗ ನೋಡಲು ಸಿಗುತ್ತದೆಯೇ? (ಸಿಂಗಪುರದಲ್ಲಿರುವ ಓದುಗರು)

ನೋಡಲು ಒಂದೂ ಉಳಿದಿಲ್ಲ. ಮೊದಲ ಹಡಗು ಮತ್ಸು ಸೇವೆಗೆ ಸೇರಿದ್ದು 1944ರ ಏಪ್ರಿಲ್ 28ಕ್ಕೆ, ಚಿಚಿಜಿಮಾ ಹತ್ತಿರ ಅಮೆರಿಕದ ಡೆಸ್ಟ್ರಾಯರ್‌ಗಳ ಗುಂಡಿಗೆ ಮುಳುಗಿದ್ದು ಆಗಸ್ಟ್ 4ಕ್ಕೆ. ಬರೀ 14 ವಾರ. ಎರಡೂ ಮಾದರಿ ಸೇರಿ 32 ಹಡಗು ಪೂರ್ಣಗೊಂಡವು. ಯುದ್ಧ ಮುಗಿದ ಮೇಲೆ ಉಳಿದವು ಹೊರದೇಶಗಳಲ್ಲಿದ್ದ ಜಪಾನಿಯರನ್ನು ಊರಿಗೆ ಸಾಗಿಸಿದವು. ಆಮೇಲೆ ಅಮೆರಿಕ, ಬ್ರಿಟನ್, ರಷ್ಯಾ, ಚೀನಾ ಹಂಚಿಕೊಂಡವು. ತಕೆ ಬ್ರಿಟನ್ನಿನ ಪಾಲಿಗೆ ಬಂತು. 1947ರ ಜುಲೈ 16ರಂದು ಅದನ್ನು ಒಪ್ಪಿಸಿದ್ದು ನೀವಿರುವ ಸಿಂಗಪುರದಲ್ಲೇ, ನಂತರ ಗುಜರಿಗೆ ಹೋಯಿತು.

ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿದ್ದು ಮುಳುಗಿದ ಹಡಗು ಎನ್ನುವುದು ತಮಾಷೆ. ತಚಿಬಾನಾ ಮಾದರಿಯ ‘ನಶಿ’ 1945ರ ಜುಲೈ 28ರಂದು ಕುರೆ ಬಳಿ ವಿಮಾನದಾಳಿಗೆ ಮುಳುಗಿತ್ತು. 1954ರಲ್ಲಿ ಮೇಲೆತ್ತಿದಾಗ ಒಡಲು ಗಟ್ಟಿಯಾಗಿಯೇ ಇತ್ತು. ರಿಪೇರಿ ಮಾಡಿ, 1956ರ ಮೇ 31ರಂದು ‘ವಕಬ’ (ಎಳೆಯ ಎಲೆ) ಎಂಬ ಹೊಸ ಹೆಸರಿನಲ್ಲಿ ಜಪಾನಿನ ಹೊಸ ನೌಕಾಪಡೆಗೆ ಸೇರಿಸಿಕೊಂಡರು. ರೇಡಾರ್ ಪರೀಕ್ಷೆಯ ಹಡಗಾಗಿ 1971ರವರೆಗೆ ದುಡಿಯಿತು.