ಕಣ್ಣಿನ ಕೆಳಗೆ ಕನ್ಸೀಲರ್ ಹಚ್ಚಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಯಾವುದು ಕೊಳ್ಳಲಿ?

ಎಣ್ಣೆಗಪ್ಪು ಮೈಬಣ್ಣ, ಕಣ್ಣಿನ ಕೆಳಗೆ ಕಪ್ಪು, ಅದನ್ನು ಮುಚ್ಚಲು ಹಚ್ಚುವ ಕ್ರೀಮ್ ಅಂದರೆ ಕನ್ಸೀಲರ್ ಎರಡು ಬದಲಾಯಿಸಿದರೂ ಮುಖ ಬೂದುಬೂದು, ಮುಂದಿನ ತಿಂಗಳು ತಂಗಿಯ ಮದುವೆ ಅಂತ ಬರೆದಿದ್ದೀರಿ. ನಾನು ದಾವಣಗೆರೆ ಕಡೆ ಮದುಮಕ್ಕಳಿಗೆ ಮೇಕಪ್ ಮಾಡುತ್ತೇನೆ. ಈ ತೊಂದರೆ ಹೇಳಿಕೊಳ್ಳದ ಹುಡುಗಿಯೇ ಕಡಿಮೆ. ದಯವಿಟ್ಟು ಮೂರನೆಯದಕ್ಕೆ ಈಗಲೇ ದುಡ್ಡು ಹಾಕಬೇಡಿ.

ಬೂದು ಬರುವುದು ಯಾಕೆ ಗೊತ್ತಾ? ತಿಳಿ ಬಣ್ಣದ ಕನ್ಸೀಲರ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಹೆಚ್ಚಿರುತ್ತದೆ. ನಮ್ಮ ಕಣ್ಣಿನ ಕೆಳಗಿನ ಕಪ್ಪಿನಲ್ಲಿ ನೀಲಿಯೂ ಕಂದೂ ಬೆರೆತಿರುತ್ತವೆ. ನೀಲಿ ಗೋಡೆಗೆ ಒಂದೇ ಕೋಟ್ ಸುಣ್ಣ ಹೊಡೆದರೆ ಹೇಗೆ ಕಾಣುತ್ತದೋ ಹಾಗೆ. ಆದ್ದರಿಂದ ಮೊದಲು ನೀಲಿಯನ್ನು ಅಡಗಿಸಬೇಕು. ಅದಕ್ಕೆ ಕಿತ್ತಳೆ ಬಣ್ಣದ ಕರೆಕ್ಟರ್, ಅಂದರೆ ಕನ್ಸೀಲರ್‌ಗೂ ಮೊದಲು ಹಚ್ಚುವ ಬಣ್ಣದ ಕ್ರೀಮ್ ಬೇಕು, ಕಿತ್ತಳೆ ನೀಲಿಯನ್ನು ಕೊಲ್ಲುತ್ತದೆ. ಗೋಧಿ ಬಣ್ಣದವರಿಗೆ ಪೀಚ್ ಸಾಕು, ನಿಮಗೆ ಕಿತ್ತಳೆಯೇ ಸರಿ. ಒಂದು ಕಣ್ಣಿಗೆ ಎರಡು ಸಾಸಿವೆ ಕಾಳಿನಷ್ಟು, ಅದೂ ಕಪ್ಪಿರುವ ಜಾಗಕ್ಕೆ ಮಾತ್ರ. ಹೆಚ್ಚಿನವರಿಗೆ ಅದು ಮೂಗಿನ ಪಕ್ಕದ ಮೂಲೆಯಲ್ಲಿರುತ್ತದೆ. ಕೆನ್ನೆವರೆಗೂ ತ್ರಿಕೋನ ಬಳಿಯುವುದು ಬೇಡ.

ಅದಕ್ಕೂ ಮುಂಚೆ ಕಿಟಕಿಗೆ ಮುಖ ಮಾಡಿ ನಿಂತು, ಕೈಗನ್ನಡಿ ಹಿಡಿದು, ಗದ್ದ ಮೇಲೆತ್ತಿ ನೋಡಿ. ಕಪ್ಪು ತಟ್ಟನೆ ಕಡಿಮೆಯಾದರೆ ಅದು ಬಣ್ಣವಲ್ಲ, ಕಣ್ಣಿನ ಕೆಳಗಿನ ತಗ್ಗಿನ ನೆರಳು. ನೆರಳಿಗೆ ಎಷ್ಟು ಮೆತ್ತಿದರೂ ತಗ್ಗು ತುಂಬುವುದಿಲ್ಲ, ದಪ್ಪ ಪದರ ಒಡೆದು ಇನ್ನೂ ಎದ್ದು ಕಾಣುತ್ತದೆ.

ಈಗ ಕನ್ಸೀಲರ್. ಅಂಗಡಿಯಲ್ಲಿ ಮುಂಗೈಗೆ ಹಚ್ಚಿ ನೋಡಬೇಡಿ, ಕೈ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ದವಡೆಯ ಅಂಚಿಗೆ ಒಂದು ಗೆರೆ ಎಳೆದು, ಹೊರಗೆ ಬಿಸಿಲಿಗೆ ಬಂದು ನೋಡಿ. ಹತ್ತು ಹದಿನೈದು ನಿಮಿಷ ಬಿಡಿ, ಕೆಲವು ಚರ್ಮದ ಜಿಡ್ಡಿಗೆ ಸೇರಿ ಗಾಢವಾಗುತ್ತವೆ. ಕಣ್ಣಿನ ಕೆಳಗೆ ಮೈಬಣ್ಣಕ್ಕಿಂತ ಹೆಚ್ಚೆಂದರೆ ಒಂದು ಶೇಡ್ ತಿಳಿ. ಮೊಡವೆ ಕಲೆಗಾದರೆ ಮೈಬಣ್ಣದ್ದೇ ಬೇಕು, ತಿಳಿಯಾದರೆ ಕಲೆಯ ಮೇಲೆ ದೀಪ ಹಚ್ಚಿಟ್ಟ ಹಾಗೆ.

ಹೋದ ವರ್ಷ ಬೆಳಗಿನ ಜಾವದ ಮುಹೂರ್ತವೊಂದಕ್ಕೆ ಹೋಗಿದ್ದೆ. ನಾನು ಹೋಗುವಷ್ಟರಲ್ಲಿ ಯಾರೋ ಅಕ್ಕರೆಯಿಂದ ಮದುಮಗಳಿಗೆ ಮೂರು ಶೇಡ್ ತಿಳಿಯಾದ ಕನ್ಸೀಲರ್ ಹಚ್ಚಿಬಿಟ್ಟಿದ್ದರು. ವಿಡಿಯೋ ಲೈಟ್ ಬಿದ್ದ ತಕ್ಷಣ ಕಣ್ಣಿನ ಸುತ್ತ ಬೂದಿ. ಹುಡುಗಿಯ ಕಣ್ಣಲ್ಲಿ ನೀರು. ಒದ್ದೆ ಹತ್ತಿಯಲ್ಲಿ ಮೆಲ್ಲಗೆ ಒರೆಸಿ, ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ ಸುಮ್ಮನೆ ಕೂರಿಸಿದೆ. ಆಮೇಲೆ ಕಿತ್ತಳೆ. ಉಂಗುರದ ಬೆರಳಿಂದ ತಟ್ಟಿ ತಟ್ಟಿ ಕೂರಿಸಿದೆ, ಆ ಬೆರಳಿಗೆ ಬಲ ಕಡಿಮೆ. ಅದರ ಮೇಲೆ ತೆಳ್ಳಗೆ ಅವಳದೇ ಬಣ್ಣದ ಕನ್ಸೀಲರ್, ಅದನ್ನೂ ತಟ್ಟಿದ್ದೇ. ಉಜ್ಜಿದರೆ ಕೆಳಗಿನ ಕಿತ್ತಳೆ ಮೇಲೆದ್ದು ಬರುತ್ತದೆ. ಕೊನೆಗೆ ಅವಳನ್ನು ಮೇಲೆ ನೋಡಲು ಹೇಳಿ, ಗೆರೆಗಳಲ್ಲಿ ಕೂಡಿದ್ದನ್ನು ಬೆರಳಿಂದ ಸವರಿ ತೆಗೆದು, ಚಿಟಿಕೆ ಪೌಡರ್ ಒತ್ತಿದೆ. ಹೂ ಮುಡಿಸಲು ಬಂದ ತಾಯಿ ಮುಖ ನೋಡಿ, "ರಾತ್ರಿ ನಿದ್ದೆ ಬಂತೇನೇ ನಿಂಗೆ?" ಅಂದರು. ಆ ಮನೆಯಲ್ಲಿ ಅಂದು ಯಾರೂ ಮಲಗಿರಲಿಲ್ಲ.

ನಮ್ಮ ಕೆಲಸ ಬೆಳ್ಳಗೆ ಮಾಡುವುದಲ್ಲ, ದಣಿವು ಅಡಗಿಸುವುದು. ನಿಮ್ಮ ಬಣ್ಣ ನಿಮ್ಮದಾಗಿಯೇ ಇರಲಿ, ಯಾರು ಏನೇ ಹೇಳಿದರೂ ಆ ಒಂದು ಶೇಡ್‌ಗಿಂತ ತಿಳಿಗೆ ಹೋಗಬೇಡಿ.

ಹೊಸದು ತಂದ ದಿನ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ಬಿಡಿ. ತುರಿಕೆ, ಕೆಂಪು ಬಂದರೆ ಅದು ನಿಮಗಲ್ಲ. ಆಮೇಲೆ ಮದುವೆಗೆ ಹತ್ತು ದಿನ ಇರುವಾಗ ಪೂರ್ತಿ ಹಚ್ಚಿಕೊಂಡು ನಾಲ್ಕು ಗಂಟೆ ಮನೆಯಲ್ಲಿ ಓಡಾಡಿ, ಒಲೆ ಮುಂದೆಯೂ ನಿಲ್ಲಿ. ಆಮೇಲೆ ಕನ್ನಡಿ ನೋಡಿ, ಎಲ್ಲಿ ಗೆರೆ ಕಟ್ಟಿದೆಯೋ ಮದುವೆ ದಿನ ಅಲ್ಲಿ ಅರ್ಧದಷ್ಟೇ ಹಚ್ಚಿ.